ಅರ್ಧ ತೆರೆದ ವಾಲ್ವು

ಇಪ್ಪತ್ತಾರು ವರ್ಷ ಈ ಊರಿಗೆ ನೀರು ಬಿಟ್ಟವನು ನಾನು.
ಮಂಡ್ಲಿಯಿಂದ ಹೊರಟದ್ದು ಸೀಗೆಹಟ್ಟಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ,
ರವಿವರ್ಮ ಬೀದಿಯಲ್ಲಿ ಯಾರು ಕದ್ದು ಮೋಟಾರು ಹಚ್ಚುತ್ತಾರೆ,
ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತಿದ್ದೆ.

ಆ ದಿನ ದುರ್ಗಿಗುಡಿಯಲ್ಲಿ, ನಸುಕಿನ ನಾಲ್ಕೂವರೆ,
ಗುಂಡಿಯ ಮುಚ್ಚಳ ಎತ್ತಿ, ಕೀಲಿ ಇಳಿಸಿ,
ನಿಂತುಬಿಟ್ಟೆ.
ಎಡಕ್ಕೋ ಬಲಕ್ಕೋ?
ಬಲಗೈ ಯಾರದೋ ಎಂಬಂತೆ ಜೋತಿತ್ತು.
ದಸ್ತಗೀರ್ ಏನೋ ಕೇಳಿದ. ಉತ್ತರ ಬಾಯಿವರೆಗೆ ಬಂದು
ಅಲ್ಲೇ ಗಾಳಿ ಕಟ್ಟಿತು.
ಕಾಲು ಗಂಟೆ. ಆಮೇಲೆ ಎಲ್ಲ ಸರಿಹೋಯಿತು,
ನೀರು ಬಿಟ್ಟೆ, ಬೀಡಿ ಹಚ್ಚಿದೆ, ನಕ್ಕೆ.
ದಸ್ತಗೀರ್ ನಗಲಿಲ್ಲ.
ಸ್ಕೂಟರಿನ ಹಿಂದೆ ಕೂರಿಸಿಕೊಂಡು ನೇರ ಮೆಗ್ಗಾನಿಗೆ.

ಚೂಡಾಮಣಿ ಬಂದಳು, ಕೇಳುವ ಮೊದಲೇ ಹೇಳತೊಡಗಿದಳು:
ಏಪ್ರಿಲ್ ಸೆಕೆಯಲ್ಲೂ ಸ್ವೆಟರ್ ಹಾಕ್ತಾರೆ ಡಾಕ್ಟ್ರೇ,
ದನಿ ಒಡೆದ ಹಂಡೆಯಾಗಿ ವರ್ಷವಾಯ್ತು,
ಊಟ ಕಡಿಮೆ, ಮುಖ ಮಾತ್ರ ಊದಿದೆ,
ಕೂತಲ್ಲೇ ನಿದ್ದೆ, ನಾನು ಸೋಮಾರಿ ಅಂತ ಬೈದೆ...
ಇಲ್ಲಿಗೆ ಬಂದು ಸುಮ್ಮನಾದಳು
ಸೆರಗಿನ ತುದಿ ಬೆರಳಿಗೆ ಸುತ್ತುತ್ತ.

ಡಾಕ್ಟರು ಚಿಕ್ಕ ಹುಡುಗಿ. ಕುತ್ತಿಗೆಗೆ ತಣ್ಣನೆಯ ಲೋಳೆ ಸವರಿ
ಮೆಷಿನ್ನಿನ ಗುಂಡು ತುದಿ ಒತ್ತಿದಳು.
ಬಲಗಡೆ: ಧಸ್, ಧಸ್, ಧಸ್.
ಎಡಗಡೆ: ಸುಂಯ್ಯ್... ಸುಂಯ್ಯ್...
ಅವಳು ಪರದೆ ನೋಡುತ್ತಿದ್ದಳು. ನನಗೆ ನೋಡಬೇಕಿರಲಿಲ್ಲ.
ಕಬ್ಬಿಣದ ಸರಳಿನ ಒಂದು ತುದಿ ಪೈಪಿಗೆ, ಇನ್ನೊಂದು ಕಿವಿಗೆ ಇಟ್ಟು
ಎಷ್ಟೋ ರಾತ್ರಿ ಕೇಳಿದ ಸದ್ದೇ ಅದು.
'ಅರ್ಧ ತೆರೆದ ವಾಲ್ವು' ಅಂದೆ.
ಹುಡುಗಿ ಮೊದಲ ಸಲ ನನ್ನ ಮುಖ ನೋಡಿದಳು.

ಆಮೇಲೆ ಹೇಳಿದ್ದೆಲ್ಲ ನನ್ನ ಭಾಷೆಯಲ್ಲೇ:
ಗಂಟಲ ಬುಡದಲ್ಲಿ ಥೈರಾಯ್ಡ್, ಚಿಟ್ಟೆಯಷ್ಟು,
ಮೈಯೊಲೆಯ ಉರಿ ನೋಡಿಕೊಳ್ಳುವುದು ಅದರ ಕೆಲಸ.
ಉರಿ ಸಣ್ಣಗಾದರೆ ರಕ್ತದ ಜಿಡ್ಡು ಕರಗದೆ
ಪೈಪಿನ ಒಳಗೋಡೆಗೆ ಹತ್ತುತ್ತ ಹೋಗುತ್ತದೆ,
ಪೈಪೂ ಗಡುಸಾಗುತ್ತದೆ,
ಮೇಲಂತಸ್ತಿಗೆ, ಮಿದುಳಿಗೆ, ಸರಿಯಾಗಿ ಏರುವುದಿಲ್ಲ.
'ಅದೊಂದೇ ಕಾರಣ ಅನ್ನಲಾರೆ. ಬಿ.ಪಿ. ಇದೆ. ಬೀಡಿ ಇದೆ.'
ಬೀಡಿಯ ಮಾತಿಗೆ ಚೂಡಾಮಣಿ ತಲೆಯೆತ್ತಿದಳು.
ಚೀಟಿ ಕೊಡುತ್ತ ಡಾಕ್ಟರು ಮೆಲ್ಲಗೆ ಕೇಳಿದಳು:
ವಿನೋಬನಗರದಲ್ಲಿ ನಮ್ಮನೆಗೆ ನೀರು ಸಣ್ಣ ಬರುತ್ತೆ, ಯಾಕೆ?

ಯಾಕೆಂದು ಎಷ್ಟು ಮನೆಗೆ ಹೇಳಿಲ್ಲ ನಾನು!
ಹೊಳೆಯಲ್ಲಿ ನೀರಿದೆ ಸ್ವಾಮಿ, ನಿಮ್ಮ ಪೈಪು ಅಜ್ಜನ ಕಾಲದ್ದು.
ಅಗೆದು, ಕೊಯ್ದು, ಕೈಯಲ್ಲಿ ಹಿಡಿದು ತೋರಿಸಿದ್ದೂ ಉಂಟು,
ಎರಡಿಂಚಿನ ಪೈಪಿನೊಳಗೆ ಕಿರುಬೆರಳು ಹೋಗದಷ್ಟು ತೂತು.
ನನ್ನ ಕುತ್ತಿಗೆ ಅಗೆದು ನೋಡುವುದು ನನಗೇ ಹೊಳೆಯಲಿಲ್ಲ.

ಈಗ ನಾಲ್ಕಕ್ಕೆ ಎದ್ದು ಒಂದು ಗುಳಿಗೆ, ಖಾಲಿ ಹೊಟ್ಟೆಗೆ.
ನಲ್ಲಿಯ ವಾಷರಿನ ತೂತಿಗಿಂತ ಸಣ್ಣದು.
ಕಾಫಿ ಒಂದು ಗಂಟೆ ಕಾಯಬೇಕು, ಅದೇ ದೊಡ್ಡ ಕಷ್ಟ.
ಬೀಡಿ ಬಿಟ್ಟೆ ಅಂದರೆ ಸುಳ್ಳಾಗುತ್ತದೆ:
ಕಟ್ಟು ದಸ್ತಗೀರನ ಜೇಬಲ್ಲಿದೆ, ಅವನು ಕೊಡುವುದಿಲ್ಲ.
ಗೋಪಾಳದ ಮೂರನೇ ವಾಲ್ವು ಇನ್ನೂ ಮರೆಯುತ್ತದೆ.
ಮುಚ್ಚಳದ ಒಳಮೈಗೆ ಸೀಮೆಸುಣ್ಣದಲ್ಲಿ ಬಾಣ ಬರೆದಿದ್ದೇನೆ.
ತೇವಕ್ಕೆ ಅಳಿಸುತ್ತದೆ. ಮತ್ತೆ ಬರೆಯುತ್ತೇನೆ.

ನಿನ್ನೆ ರಾತ್ರಿ ಎಚ್ಚರವಾದಾಗ
ಚೂಡಾಮಣಿ ನನ್ನ ಕುತ್ತಿಗೆಯ ಎಡಕ್ಕೆ ಕಿವಿ ಹಚ್ಚಿದ್ದಳು,
ಕಣ್ಣು ತೆರೆದೇ.
ಏನು ಕೇಳಿಸಿತು ಅಂದೆ.
'ಸುಮ್ಮನಿರಿ,' ಅಂದಳು, 'ಲೆಕ್ಕ ತಪ್ಪುತ್ತದೆ.'