ಉದ್ರಿ ವಹಿ

ಸೆಕ್ರೆಟರಿ ಬಾಬಲೋ ನಾಯ್ಕ ಮಗಳ ಮನಿಗಂತ
ಹೊಳಿ ದಾಟಿ ಪಣಜಿಗೆ ಹೋದ ದಿನಾನ
ಫೆರಿ ನಿಂತಿತು.
ಸೊಸಾಯಿಟಿ ಅಂಗಡಿ ಈಚೆ ದಂಡ್ಯಾಗ,
ಕೀಲಿಕೈ ಆಚೆ ದಂಡ್ಯಾಗ.
ಮೂರನೇ ದಿನ ಕಲ್ಲು ತಗೊಂಡು ಕೀಲಿ ಒಡದ್ರು,
ಒಡದ ಮ್ಯಾಲೆ ಕೇಳಿದ್ರು: ಬರಿಯಾವ್ರು ಯಾರು?

ನಾನು ಕಸಾ ಹೊಡಿಯಾಕಿ. ರೋಣದ ಕಡಿಯಾಕಿ.
ಹನ್ನೆರಡು ವರ್ಷಾತು ಈ ನಡುಗಡ್ಡಿಗೆ ಬಂದು.
ಹೆಸರು ಫಕೀರವ್ವ; ಬೆನ್ನ ಹಿಂದ ಘಾಂಟಿ.
ಏಳನೆತ್ತೆ ಪಾಸು, ಅದೂ ಕನ್ನಡ ಸಾಲ್ಯಾಗ.
ಕೊಂಕಣಿ ಬಾಯಿಗೆ ಬರತೈತಿ, ಬೆರಳಿಗೆ ಬರಂಗಿಲ್ಲ.
ಬರಿ, ಅಂದಳು ಇನಾಸಿನ್ಹಾ ಬಾಯಿ,
ಯಾವ ಅಕ್ಷರಾದ್ರೇನು, ಉದ್ರಿ ಉದ್ರೀನ ಅಲ್ಲ?

ಬರದೆ.
ಕಾಯ್ತಾನ, ಅಕ್ಕಿ, ಎರಡು ಕಿಲೊ.
ಪುನೋನ ಹೇಂತಿ, ಕೊಬ್ರಿ ಎಣ್ಣಿ, ಪಾವು.
ಎಂಟು ದಿನಕ್ಕ ಅಂಗಡಿ ಬರಿದು.
ಬೆಳಗಾವಿ ಲಾರಿ ಘಾಟಿನ ಮ್ಯಾಲೆ ನಿಂತು
ಟೊಮೆಟೊ ಕೊಳತು ಸೋರಿದ್ವಂತ.
ಆಗ ತಿಳೀತು ಊರಿಗೆ
ತನ್ನ ತಾಟಿನ್ಯಾಗಿಂದು ಎಷ್ಟು
ಘಾಟ ಇಳದು ಬರತಿತ್ತು ಅಂತ.

ಹಡಗಿನ ಮ್ಯಾಲೆ ಮೂರು ಸಾವಿರ ಮಂದಿಗೆ ಕೇಕು ಸುಡಾಂವ
ಮಿಂಗೆಲ್, ಕೆಲಸಾ ಹೋಗಿ ಹೊಳ್ಳಿ ಬಂದಿದ್ದ.
ಹದಿನಾಲ್ಕು ದಿನ ಸಾಲಿ ಖೋಲ್ಯಾಗ ಒಬ್ಬನ ಕೂತು
ಕಿಡಕ್ಯಾಗಿಂದ ಗದ್ದಿ ನೋಡಿದ. ಹುಲ್ಲು ಎದಿಮಟ.
ಮಾನಸಿನ ಬಾಗಲಾ ಮುರದು ಯಾವ ಕಾಲಾತೋ,
ಉಪ್ಪುನೀರು ತನ್ನ ಮನೀ ಅನ್ನೂಹಂಗ
ಒಳಗ ಬಂದು ಕೂತು ಹೋಗತಿತ್ತು.
ಹೊರಗ ಬಿಟ್ಟ ದಿನ ಆಂವ ಕೇಳಿದ್ದು ಒಂದ:
ಆ ಬಾಗಲಕ್ಕ ಎಷ್ಟು ಹಲಗಿ ಬೇಕು?

ಆಮ್ಯಾಲೆ ವಹಿಯೊಳಗ ರೂಪಾಯಿ ಕಾಣದಾದ್ವು.
ಕಾಯ್ತಾನ, ಬಾಂದಿಗೆ ಮಣ್ಣು, ಅರ್ಧಾ ದಿನ.
ಪುನೋ, ಏಡಿ ಒಂದು ಬುಟ್ಟಿ. ಎರಡು ಓಡಿಹೋದ್ವು.
ಟ್ಯಾಕ್ಸಿ ಶಿಬಾ, ಹಿಂದಿನ ಸೀಟು ತಗದು
ಸಗಣಿ, ಹತ್ತು ಖೇಪು.
(ಬಿಳೇರನ್ನ ವಿಮಾನಕ್ಕ ಮುಟ್ಟಸ್ತಿದ್ದ ಗಾಡಿ.
ನಗಬಾರದು ಅಂತ ನಕ್ಕಿಲ್ಲ.)
ಇನಾಸಿನ್ಹಾ, ಬದನಿ ಬೀಜ, ಬೂದ್ಯಾಗ ಇಟ್ಟಿದ್ದು,
ಕೆಮ್ಮಿನ ಔಷಧದ ಬಾಟ್ಲಿ ಒಂದು.
ರೇಟು ಏನು ಹಚ್ಚಲಿ, ಅಂದೆ.
ಕಾಯಿ ಬಿಡಲಿ, ಆಮ್ಯಾಲೆ ನೋಡೂಣು, ಅಂದಳು.
ಜಾಗಾ ಖಾಲಿ ಬಿಟ್ಟೆ.

ಮೃಗಶಿರಾ ಮಳಿಗೆ ಉಪ್ಪು ತೊಳದ ಗದ್ದ್ಯಾಗ
ಕೊರ್ಗುಟ್ ಭತ್ತ ಬಿತ್ತಿದ್ರು.
ಅಂಗಡಿ ಹಿಂದ ಮಿಂಗೆಲ್ ಒಲಿ ಹೂಡಿ
ಗೆಣಸಿನ ಕೇಕು ಸುಟ್ಟ, ಮೊದಲನೇ ಸಲ ಕರಕಾತು.
ದೀಪಾವಳಿ ಹೊತ್ತಿಗೆ ಬದನಿಕಾಯಿ ಹೊತ್ತ ದೋಣಿಗೆ
ಆಚೆ ದಂಡ್ಯಾಗ ಪ್ಯಾಟಿ ಮಂದಿ ಕಾಯತಿದ್ರು.
ಹೊಳಿ ಉಲ್ಟಾ ಹರದಂಗ ಅನಸ್ತು ನನಗ.
ಇಲ್ಲಿ ಹೊಳಿ ದಿನಕ್ಕೆರಡು ಸಲ ಉಲ್ಟಾ ಹರಿತೈತಿ,
ಅದು ಬ್ಯಾರೆ ಮಾತು.

ಎಲ್ಲಾ ಚೊಲೊ ಆತು ಅನ್ನಂಗಿಲ್ಲ.
ಬಾಂದಿನ ಪಾಳಿಗೆ ಬಡದಾಡಿದ್ರು.
ಮರುವರ್ಷ ಮೇ ತಿಂಗಳದಾಗ
ಇನಾಸಿನ್ಹಾನ ಕರಕೊಂಡು ಫೆರಿ ಹೋತು,
ಒಂದ ಆಂಬುಲೆನ್ಸು, ಬ್ಯಾರೆ ಯಾರಿಲ್ಲ.
ಫೆರಿ ಹೊಳ್ಳಿ ಬಂತು.

ಆಡಿಟರು ಬಂದ. ವಹಿ ತಿರುವಿದ,
ತಲಿಕೆಳಗ ಮಾಡಿ ನೋಡಿದ,
ಇದ್ಯಾವ ಲಿಪಿ, ಅಂದ.
ಎಲ್ಲಾರೂ ನನ್ನ ಕಡೆ ನೋಡಿದ್ರು.
ನಾ ದಿನಾ ಒರಸೂ ಖುರ್ಚಿ ಮ್ಯಾಲೆ ನನ್ನ ಕುಂಡರಿಸಿದ್ರು.
ಕಣ್ಣು ಕನ್ನಡದಾಗ, ಬಾಯಿ ಕೊಂಕಣ್ಯಾಗ,
ಒಂದೊಂದ ಸಾಲು ಓದಿದೆ.
ಹೆಸರು ಬಂದಾವ್ರು ತಲಿ ಹಾಕಿದ್ರು.
ಬಾಬಲೋ ನಾಯ್ಕ ಬಾಂಕಿನ ತುದೀಗೆ ಕೂತು ಕೇಳಿದ.

ಇನಾಸಿನ್ಹಾ, ಬದನಿ ಬೀಜ, ಬಾಟ್ಲಿ ಒಂದು.
ರೇಟು? ಆಡಿಟರ ಪೆನ್ನು ಎತ್ತಿದ. ಇಲ್ಲ, ಅಂದೆ.
ಸೊಸಾಯಿಟಿ ಕೊಡಬೇಕಾದ್ದು ಇದು,
ಅಂಕಿ ಇಲ್ಲದ ಲೆಕ್ಕಾ ಮುಗಿಯಂಗಿಲ್ಲ, ಅಂದ.
ಯಾರೂ ಮಾತಾಡಲಿಲ್ಲ.
ಕಡೀಕ ಪುನೋ ಅಂದ:
ಗಿಡಾ ಇನ್ನೂ ಕಾಯಿ ಬಿಡಾಕತ್ತಾವ, ಸಾಹೇಬ್ರ.

ಮುಂದಿನ ಸಾಲು ಓದು, ಅಂದ ಆಡಿಟರ.
ಮುಂದಿನ ಸಾಲು ನಂದ ಇತ್ತು:
ಫಕೀರವ್ವ, ಕಸಬರಗಿ ಒಂದು, ಬಾಕಿ.