ಎರಡೂವರೆ ಇಲ್ಲದ ರಾತ್ರಿ

ಕಾಫಿ ಚೆಲ್ಲಿ ಹನ್ನೊಂದು ವರ್ಷದ ಪದಬಂಧಗಳು
ಒಂದೇ ಗುಟುಕಿಗೆ ಹೋದ ಮೇಲೆ
ಕೆಳಮನೆಯ ವಾವ್ರಿನೆಟ್ಸ್ ಬಂದ.
ಶೂ ಬಿಚ್ಚಿ, ಅಂಗೈಯಗಲದ ಡಿಸ್ಕೊಂದನ್ನು ಸಿಕ್ಕಿಸಿ,
'ದಿನಾ ರಾತ್ರಿ ಎರಡೂವರೆಗೆ
ತಾನೇ ಬ್ಯಾಕಪ್ ಆಗುತ್ತೆ,
ನೀವು ನಿಶ್ಚಿಂತೆಯಿಂದ ಮಲಗಿ' ಅಂದ.

ಮಲಗುವವರು ಯಾರು.
ಎರಡೂವರೆಗೆ ಸರಿಯಾಗಿ ಮೇಜಿನ ಮೇಲೆ
ಕಟಕಟ, ಇಲಿ ಅಕ್ರೋಟು ಕಡಿದ ಹಾಗೆ,
ನನ್ನ ದಿನವನ್ನು ಅಗಿಯುವುದು.

ಒಂದು ಸಲ ತೆರೆದು ನೋಡಿದೆ.
ಅಡ್ಡ ಹದಿನೇಳು, ಗ್ಯಾಸಿನ ಬಿಲ್ಲು,
ಮತ್ತೆ, ಅಯ್ಯೋ, ತಂಗಿ ಬೊಹುಮಿಲಾಗೆ ಬರೆದು
ಬೆಳಗ್ಗೆ ಎದ್ದು ಅಳಿಸಿದ ಕಾಗದಗಳು,
ತಾರೀಖಿನ ಸಮೇತ, ನಲವತ್ತಾರು!
ನಾ ನುಂಗಿಕೊಂಡದ್ದನ್ನೆಲ್ಲ
ಇದು ಉಗುಳದೆ ಇಟ್ಟುಕೊಂಡಿದೆ.
ಅಂದಿನಿಂದ ಅಳಿಸುವುದು ಸುಲಭವಾಯಿತು.
ಕಳಿಸದಿದ್ದರೂ ಎಲ್ಲೋ ಇದೆಯಲ್ಲ.

ಮಾರ್ಚಿಯ ಕೊನೆಯ ಭಾನುವಾರ
ಒಲೊಮೌತ್ಸಿನ ಗಡಿಯಾರಗಳೆಲ್ಲ
ಎರಡಕ್ಕೆ ಬಂದು ಮೂರಕ್ಕೆ ಹಾರಿದವು.
ಬೇಸಿಗೆಯ ಲೆಕ್ಕಕ್ಕೆ ಒಂದು ತಾಸು ಕಡಿತ.
ಎರಡೂವರೆ ಬರಲೇ ಇಲ್ಲ.
ಕಾದೆ. ಡಿಸ್ಕು ಮಿಸುಕಲಿಲ್ಲ.
ತೆರೆಯ ಮೇಲೆ ನಲವತ್ತೇಳನೆಯದು:
'ಬೊಹುಷ್ಕಾ, ಅಮ್ಮನ ಹೊಲಿಗೆ ಮಷಿನ್ನು
ಮಾರಿದವಳು ನಾನೇ.'

ಅಳಿಸುವ ಗುಂಡಿಯ ಮೇಲೆ ಬೆರಳಿತ್ತು.
ಇದಕ್ಕೆ ಪ್ರತಿಯಿಲ್ಲ.

ಪ್ರಿಂಟರಿನಲ್ಲಿ ನೀಲಿ ಶಾಯಿಯಷ್ಟೇ ಉಳಿದಿತ್ತು.
ನೀಲಿಯಲ್ಲೇ ತೆಗೆದೆ.
ರಾತ್ರಿಯಂಗಿಯ ಮೇಲೆ ಕೋಟು ತೊಟ್ಟು
ಟ್ರಾಮು ನಿಲ್ದಾಣದ ಅಂಚೆಡಬ್ಬಿಯ ತನಕ ನಡೆದೆ.

ವಾವ್ರಿನೆಟ್ಸ್ ಆಮೇಲೆ ಬಂದು
ತಪ್ಪಿದ ಸರದಿ ಕಂಡು ನಾಚಿ,
ನಾಲ್ಕಕ್ಕೆ ಬದಲಿಸಲೇ, ಎಂದ.
ಬೇಡಪ್ಪ, ಎಂದೆ.
ಎರಡೂವರೆಯೇ ಇರಲಿ.