ಎಂಟನೇ ಪ್ಯಾರಾ

ಹೇಳಿಕೆಗೆ ಅಂಕಿ ಹಾಕಬೇಕಂತೆ, ಒಂದೊಂದು ಪ್ಯಾರಾಕ್ಕೂ.
ಒಂದು: ನನ್ನ ಹೆಸರು ಬೆರಿಲ್ ಸ್ಟಾಕ್‌ಡೇಲ್.
ಎರಡು: ಗ್ರಿಮ್ಸ್‌ಬಿಯ ಮೀನಿನ ಕಾರ್ಖಾನೆ, ಕೋಲ್ಡ್ ಸ್ಟೋರೇಜು,
ಹತ್ತೊಂಬತ್ತು ವರ್ಷದ ಕೆಲಸ.
ಮೂರು: ಆ ಕಾರು ನನ್ನದೇ.
ಅಲ್ಲವೆಂದು ನಾನೆಂದೂ ಅಂದವಳಲ್ಲ.

ಅಡುಗೆಮನೆ ಮೇಜಿನ ಮೇಲೆ ಲಕೋಟೆ, ಕೋರ್ಟಿನ ಮುದ್ರೆ,
ಕೊನೆಗೊಂದು ಮೊತ್ತ: ಇನ್ನೂರ ಅರವತ್ತೊಂದು ಪೌಂಡು.
ನೂರರ ಗುಬ್ಬಿ
ಬಡ್ಡಿ ತಿಂದು, ಶುಲ್ಕ ತಿಂದು,
ವಸೂಲಿ ಖರ್ಚೆಂಬ ಯಾರೂ ಕಾಣದ ಕಾಳು ತಿಂದು
ಹದಿನಾಲ್ಕೇ ತಿಂಗಳಲ್ಲಿ ಕೋಳಿಯಾಗಿತ್ತು.

ನಡೆದದ್ದಿಷ್ಟು. ಜನವರಿ, ಬೆಳಗಿನ ಐದೂ ಮುಕ್ಕಾಲು.
ಗಾಜಿನ ಹಿಮ ಕರಗಲೆಂದು ಬಿಸಿಗಾಳಿ ಹಾಕಿದೆ.
ಗಾಳಿ ಹಿಮವನ್ನೂ ತೆಗೆಯಿತು,
ಡ್ಯಾಶ್‌ಬೋರ್ಡಿನ ಪರ್ಮಿಟ್ಟನ್ನೂ ತೆಗೆಯಿತು.
ಮುನಿಸಿಕೊಂಡ ಮಗುವಿನ ಹಾಗೆ
ಸೀಟಿನ ಸಂದಿಯಲ್ಲಿ ಕವುಚಿ ಮಲಗಿತು ಅದು.
ಅವರ ಕ್ಯಾಮೆರಾದವನು ಬರಿಗಾಜನ್ನಷ್ಟೇ ಕಂಡ.

ಮೇಲ್ವಿಚಾರಕ ಡಂಕನ್ ಅಂದ:
"ಜಾಗ ನಮ್ಮದೇ, ಕಾವಲು ಅವರದು. ನಮ್ಮ ಕೈಯಲ್ಲಿಲ್ಲ."
ಕೈ ಅಂದರೇನೆಂದು ಅವನಿಗೆ ಯಾರು ಹೇಳಬೇಕು?
ಎರಡು ಜೊತೆ ಗವಸಿನೊಳಗೆ, ಸೊನ್ನೆಗಿಂತ ಇಪ್ಪತ್ತು ಕೆಳಗೆ,
ಬೆರಳು ಹತ್ತೂ ಇವೆಯೋ ಎಂದು
ಊಟದ ಬಿಡುವಿನಲ್ಲಿ ಎಣಿಸಿ ನೋಡುವವರು ನಾವು.

ಇದನ್ನೇ ಎಂಟನೇ ಪ್ಯಾರಾದಲ್ಲಿ ಬರೆದಿದ್ದೆ.
ಮಂಗಳವಾರ ಗ್ರಂಥಾಲಯದಲ್ಲಿ ಕೂತು ಸಲಹೆ ಕೊಡುವ ಮುದುಕ,
ನಿವೃತ್ತ ಗುಮಾಸ್ತ,
ಓದಿದ, ಎರಡು ಸಲ. ಪೆನ್ಸಿಲ್ಲಿನಿಂದ ಮೆಲ್ಲಗೆ ಗೀಟೆಳೆದ.
"ಇದು ನಿಜ, ಬೆರಿಲ್. ಆದರೆ ಇದು ಉತ್ತರವಲ್ಲ.
ಹೋಗಿ ಫಲಕದ ಫೋಟೋ ತಾ."

ಜೊತೆಗೆ ಯುರ್ಗಿತಾ ಬಂದಳು, ಲಿಥುವೇನಿಯಾದವಳು,
ಮೀನು ಸೀಳುವ ಸಾಲಿನವಳು.
ಅವಳ ಹೆಗಲಿಗೆ ಕೈಯೂರಿ ಬೇಲಿಯ ಕಟ್ಟೆ ಹತ್ತಿದೆ.
ಕಂಬದ ದೀಪ ಸತ್ತು ಎಷ್ಟು ಕಾಲವೋ.
ಕಡಲಹಕ್ಕಿಯ ಹಿಕ್ಕೆಯ ಕೆಳಗೆ ಸಾಸಿವೆಯಂಥ ಅಕ್ಷರ:
ಪರ್ಮಿಟ್ ಇಲ್ಲದವರು ಇಲ್ಲಿ ನಿಲ್ಲಿಸಕೂಡದು.
ಗಟ್ಟಿಯಾಗಿ ಓದಿದೆ.
"ಇಂಗ್ಲಿಷು ನನ್ನದಲ್ಲ," ಅಂದಳು ಕೆಳಗಿನಿಂದ,
"ಆದರೆ ಬೇಡ ಅನ್ನುವುದು ಬಾ ಅನ್ನುವುದು ಹೇಗಾದೀತು?
ಬೇಡ ಅಂದವನ ಜೊತೆ ಒಪ್ಪಂದ ಎಲ್ಲಿಂದ ಬಂತು?"

ಎಂಟರ ಜಾಗಕ್ಕೆ ಅದನ್ನೇ ಬರೆದೆ:
ಪರ್ಮಿಟ್ ಉಳ್ಳವಳಾದರೆ ನನ್ನಲ್ಲಿ ತಪ್ಪಿಲ್ಲ,
ಇಲ್ಲದವಳಾದರೆ ಅವರು ನನ್ನನ್ನು ಕರೆದೇ ಇಲ್ಲ.

ಕೋರ್ಟೆಂದರೆ ಹಲ್ಲಿನ ಡಾಕ್ಟರ ಕೋಣೆಯಷ್ಟು.
ಎದುರು ಪಕ್ಷದ ಹುಡುಗ ಲೀಡ್ಸ್‌ನಿಂದ ರೈಲಿನಲ್ಲಿ ಬಂದಿದ್ದ,
ನನ್ನ ಕಡತ ಬಿಚ್ಚಿದ್ದೇ ಆ ರೈಲಿನಲ್ಲಿರಬೇಕು.
ನ್ಯಾಯಾಧೀಶೆ ಕನ್ನಡಕ ತೆಗೆದಳು, ಹಾಕಿದಳು.
"ಈ ಫಲಕ ಓದಿ ಹೇಳಿ."
ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದ ಹುಡುಗ,
ಹತ್ತಿರ ತಂದ, ದೂರ ಹಿಡಿದ.
ನನಗೇ ಒಂದು ಗಳಿಗೆ ಅಯ್ಯೋ ಅನ್ನಿಸಿತು.

ದಾವೆ ವಜಾ.
"ನಿಮಗೆ ಖರ್ಚೇನಾದರೂ?"
ಅರ್ಧ ದಿನದ ಕೂಲಿ, ಅಂದೆ. ಆಮೇಲೆ
ಕೋರ್ಟಿನ ಹಿಂದೆ ಗಾಡಿ ನಿಲ್ಲಿಸಿದ್ದಕ್ಕೆ ಮೂರು ಪೌಂಡು ಇಪ್ಪತ್ತು,
ರಸೀದಿ ಇದೆ.
ಅವಳು ನಗಲಿಲ್ಲ. ಬರೆದುಕೊಂಡಳು.

ಮರುದಿನ ಐದೂ ಮುಕ್ಕಾಲು. ಅದೇ ಜಾಗ, ಅದೇ ಸತ್ತ ದೀಪ.
ಪರ್ಮಿಟ್ಟಿಗೆ ನಾಲ್ಕೂ ಬದಿ ಟೇಪು ಹಚ್ಚಿದ್ದೇನೆ.
ಆದರೂ ಬಾಗಿಲು ಹಾಕಿ ಹತ್ತು ಹೆಜ್ಜೆ ಹೋದವಳು
ತಿರುಗಿ ಬಂದು ಗಾಜಿಗೆ ಮೂಗು ಒತ್ತಿ ನೋಡುತ್ತೇನೆ.
ಗೆದ್ದವರು ಹೀಗೆ ನೋಡುತ್ತಾರೆಯೇ?

ಆ ಹಳೆಯ ಎಂಟು, ಕೈಗಳದ್ದು,
ಚಮಚಗಳ ಡ್ರಾಯರಿನಲ್ಲಿದೆ.
ಪೆನ್ಸಿಲ್ಲಿನ ಗೀಟು ತಾನೇ,
ಅಡಿಯ ಅಕ್ಷರ ಈಗಲೂ ಓದಲು ಬರುತ್ತದೆ.